ಮೂಲ ಪುರುಷನ ಹಲ್ಲು

ನಮ್ಮಣ್ಣನಿಗೆ ಮನುಷ್ಯರಲ್ಲಿ ಎರಡೇ ಜಾತಿ ಗೊತ್ತು. ಮೊದಲಿನಿಂದ ಇದ್ದವರು, ಆಮೇಲೆ ಬಂದವರು. ಮೊದಲಿನಿಂದ ಇದ್ದವರು ಅಂದರೆ ನಮ್ಮ ಮನೆಯವರು. ಉಳಿದ ಲೋಕವೆಲ್ಲ ಎಲ್ಲಿಂದಲೋ ಬಂದದ್ದು. ಕಾಲುವೆ ಆದ ಮೇಲೆ ಸಿಂಧನೂರಿನ ಸುತ್ತ ಕ್ಯಾಂಪು ಹಾಕಿಕೊಂಡು ನೆಲೆ ನಿಂತ ತೆಲುಗಿನವರು ಆಮೇಲೆ ಬಂದವರು. ಅವರಿಂದಲೇ ಅಣ್ಣ ಭತ್ತದ ನಾಟಿ ಕಲಿತದ್ದು, ಅದು ಬೇರೆ ಮಾತು. ಊರಿನ ಕಮ್ಮಾರರು ಆಮೇಲೆ ಬಂದವರು. ಅವರಿಲ್ಲದಿದ್ದರೆ ನಮ್ಮಜ್ಜ ಹೊಲವನ್ನು ಉಗುರಿನಿಂದ ಕೆರೆಯಬೇಕಾಗಿತ್ತು, ಅದೂ ಬೇರೆ ಮಾತು. ನಮ್ಮವ್ವ ಮುದಗಲ್ಲಿನವಳು, ಅತ್ತಿಗೆ ತುರ್ವಿಹಾಳದವಳು. ಈ ಮನೆಯಲ್ಲಿ ಒಲೆ ಹಚ್ಚಿದವರೆಲ್ಲ ಹೊರಗಿನಿಂದ ಬಂದವರೇ ಅಲ್ಲವೇನು ಎಂದು ನಾನೊಮ್ಮೆ ಕೇಳಿದ್ದೆ. "ಹೆಣ್ಮಕ್ಕಳನ್ನ ಲೆಕ್ಕಕ್ಕ ಹಿಡಿಯಾಂಗಿಲ್ಲ" ಅಂದ. ಗಣಿತದಲ್ಲಿ ಅವನು ಮೊದಲಿನಿಂದಲೂ ಹೀಗೇ.

ನನ್ನನ್ನು ಲಿಂಗಸುಗೂರಿಗೆ ಕೊಟ್ಟಿದ್ದಾರೆ. ಅಲ್ಲಿ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ತವರು ಮಸ್ಕಿಯಿಂದ ಬಳಗಾನೂರಿನ ಕಡೆ ಹೋಗುವ ದಾರಿಯಲ್ಲಿ ಸಿಗುವ ಒಂದು ಊರು. ತಿಂಗಳಿಗೊಂದು ಭಾನುವಾರ ಹೋಗಿ, ಅಣ್ಣನ ಜೊತೆ ಜಗಳ ಆಡಿ, ಅತ್ತಿಗೆ ಕಟ್ಟಿಕೊಟ್ಟ ರೊಟ್ಟಿ ಹಿಡಿದುಕೊಂಡು ಸಂಜೆ ಬಸ್ಸಿಗೆ ವಾಪಸಾಗುವುದು ನನ್ನ ಪದ್ಧತಿ.

ನಮ್ಮ ಹೊಲದ ಮೂಡಣ ಮೂಲೆಗೆ ಕಲ್ಲುಮೂಲೆ ಎಂದು ಹೆಸರು. ಅಲ್ಲಿ ಎಮ್ಮೆಯಷ್ಟು ದಪ್ಪದ ಗುಂಡುಗಲ್ಲುಗಳು ಸುತ್ತಲೂ ದುಂಡಗೆ ಕೂತಿದ್ದವು. ಯಾರು ಇಟ್ಟರು, ಯಾಕೆ ಇಟ್ಟರು ಎಂದು ಯಾರೂ ಕೇಳಿದವರಲ್ಲ. ನಾನೂ ಅಣ್ಣನೂ ಚಿಕ್ಕವರಿದ್ದಾಗ ಅವುಗಳ ಮೇಲೆ ಕೂತು ಹಸಿ ಶೇಂಗಾ ತಿನ್ನುತ್ತಿದ್ದೆವು. ಆ ಕಲ್ಲುಗಳಿಂದ ಹತ್ತು ಹೆಜ್ಜೆ ಆಚೆ, ಬದುವಿಗೆ ಹತ್ತಿ, ಊರಿನ ಕಮ್ಮಾರ ತಾತನನ್ನು ಮಣ್ಣು ಮಾಡಿದ್ದರು. ಆ ಜಾಗವನ್ನು ಬಾಯಿಮಾತಿನಲ್ಲಿ ಕೊಟ್ಟವನು ನಮ್ಮಜ್ಜ. "ಆ ಕಲ್ಲಾಗ ಸಜ್ಜಿನೂ ಬೆಳಿಯಂಗಿಲ್ಲ, ನಿಮ್ಮವರನ್ನರೆ ಇಟಗೊಳ್ರಿ" ಎಂದಿದ್ದನಂತೆ. ನಮ್ಮ ಮನೆತನದ ಔದಾರ್ಯ ಯಾವಾಗಲೂ ಇಂಥ ನೆಲದಲ್ಲೇ ಚಿಗುರಿದ್ದು.

ತಾತನ ಹೆಂಡತಿ, ಊರಿಗೆಲ್ಲ ಕಮ್ಮಾರ ಅಜ್ಜಿ, ಇನ್ನೂ ಇದ್ದಳು. ಮುದಗಲ್ ಸೀಮೆಯಿಂದ ಮದುವೆಯಾಗಿ ಬಂದ ಮರುದಿನವೇ ಅವಳ ಕೈಗೆ ತಿದಿಯ ಹಿಡಿಕೆ ಕೊಟ್ಟಿದ್ದರು. ಅಲ್ಲಿಂದ ಮುಂದೆ ಕುಲುಮೆಗೆ ಗಾಳಿ ಊದುವುದೇ ಅವಳ ಸಂಸಾರ. ಗಂಡ ಹೋದ ಮೇಲೆ ಸುತ್ತಿಗೆಯನ್ನೂ ಅವಳೇ ಹಿಡಿದಳು. ನಮ್ಮ ಮನೆಯ ಕುಡ, ಕುಡುಗೋಲು, ಕೊಡಲಿ ಎಲ್ಲ ಅವಳ ಬೆಂಕಿಯಲ್ಲಿ ಕಾದು ಬಂದವು. ಮಗ ಸಿಂಧನೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟು ಕರೆದರೂ ಹೋಗಲಿಲ್ಲ. ಬಾಯಲ್ಲಿ ಉಳಿದದ್ದು ಒಂದೇ ಹಲ್ಲು, ಮನಸ್ಸಿನಲ್ಲಿ ಉಳಿದದ್ದು ಒಂದೇ ಆಸೆ. ಸತ್ತರೆ ಗಂಡನ ಪಕ್ಕದಲ್ಲಿ ಮಲಗಬೇಕು. ಬಸ್ಸಿನ ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿಯುವ ಹಾಗೆ, ಅವನ ಪಕ್ಕದಲ್ಲಿ ಒಂದು ಕಲ್ಲಿಟ್ಟು ತನ್ನ ಜಾಗ ಹಿಡಿದಿಟ್ಟಿದ್ದಳು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅಣ್ಣನಿಗೆ ಕಲ್ಲುಮೂಲೆಯನ್ನೂ ಮಟ್ಟ ಮಾಡಿ ಭತ್ತಕ್ಕೆ ಹಾಕಬೇಕು ಎಂಬ ಹುಕಿ ಬಂತು. ನಾನು ಊರಿಗೆ ಹೋದ ಭಾನುವಾರವೇ ಜೆಸಿಬಿಯೂ ಬಂದಿತ್ತು. ಹೊಲಕ್ಕೆ ಹೋಗಿ ನೋಡಿದರೆ, ಗಂಡನ ಸಮಾಧಿಯ ಮುಂದೆ, ಜೆಸಿಬಿಯ ಹಲ್ಲಿಗೆ ಎದುರಾಗಿ, ಅಜ್ಜಿ ಕಾಲು ಚಾಚಿಕೊಂಡು ಕೂತಿದ್ದಳು.

"ಏಳಬೇ ಯಮ್ಮಾ, ಕೆಲಸ ಕೆಡಸಬ್ಯಾಡ" ಅಂದ ಅಣ್ಣ.

"ಇಲ್ಲಿ ನನ್ನ ಗಂಡ ಮಲಗ್ಯಾನ್ರಿ ಗೌಡ್ರ. ಅವನ ಬಾಜೂಕ ನನ್ನ ಜಾಗಾ ಐತಿ. ನಿಮ್ಮಜ್ಜ ಕೊಟ್ಟಾನ."

"ಕಾಗದ ಐತೇನು?"

"ನಿಮ್ಮಜ್ಜಗ ಬರಿಯಾಕ ಬರತಿದ್ದಿಲ್ರಿ."

ಅಣ್ಣ ನನ್ನ ಕಡೆ ತಿರುಗಿ, "ನೋಡ ತಂಗಿ, ಎಲ್ಲೆಲ್ಲಿಂದೋ ಬಂದವರಿಗೆಲ್ಲಾ ಹೊಲದಾಗ ಕುಣಿ ತೋಡಾಕ ಬಿಟ್ರ ಮೊದಲಿಂದ ಇದ್ದವರು ಎಲ್ಲಿ ಹೋಗೂನು?" ಅಂದ. ಮೊದಲಿನಿಂದ ಇದ್ದವರಿಗೆ ಅಲ್ಲಿ ಉಳಿದ ಹದಿನೆಂಟು ಎಕರೆ ಇದೆ ಎಂದು ನಾನು ಹೇಳಿದೆ. ಅದನ್ನು ಕೇಳಿಸಿಕೊಳ್ಳದೆ ಡ್ರೈವರನಿಗೆ ಆ ಕಡೆಯ ಗುಂಡುಗಲ್ಲುಗಳಿಂದ ಶುರು ಮಾಡು, ಹಸಿವಾದಾಗ ಮುದುಕಿ ತಾನೇ ಏಳುತ್ತಾಳೆ ಎಂದು ಸನ್ನೆ ಮಾಡಿದ.

ಜೆಸಿಬಿ ಎರಡು ಕಲ್ಲು ಉರುಳಿಸಿ ಮೂರನೇ ಸಲ ನೆಲಕ್ಕೆ ಬಾಯಿ ಹಾಕಿದಾಗ ಕರ್ರೆಂದು ಸದ್ದಾಯಿತು. ಮಣ್ಣು ಸರಿಸಿದರೆ ಮನೆ ಬಾಗಿಲಿನಷ್ಟು ದೊಡ್ಡ ಚಪ್ಪಡಿ. ಅದರ ಕೆಳಗೆ ನಾಲ್ಕೂ ಕಡೆ ಚಪ್ಪಡಿ ನಿಲ್ಲಿಸಿ ಮಾಡಿದ ಕಲ್ಲಿನ ಪೆಟ್ಟಿಗೆ. ಒಳಗೆ ಮೂಳೆಗಳ ರಾಶಿ, ಅದರ ಮೇಲೆ ತಲೆಬುರುಡೆ. ಸುತ್ತ ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಮಡಕೆಗಳು, ತುಕ್ಕು ಹಿಡಿದ ಕಬ್ಬಿಣದ ಚೂರುಗಳು, ಮೊಳದುದ್ದದ ಒಂದು ಮಣ್ಣಿನ ಕೊಳವೆ. ಹುಣಸೆಬೀಜದಷ್ಟು ಒಂದು ಕೆಂಪು ಮಣಿ. ಶಾಲೆಯ ಇತಿಹಾಸದ ಪುಸ್ತಕದ ಚಿತ್ರದಲ್ಲಿ ಕಂಡಿದ್ದ ಹಳೇ ಕಾಲದ ಕಲ್ಲಿನ ಸಮಾಧಿ ಇಲ್ಲಿ ನಾನು ಶೇಂಗಾ ತಿಂದ ಜಾಗದ ಕೆಳಗೇ ಇತ್ತು. ಮೈ ಜುಮ್ಮೆಂದಿತು.

ಅಣ್ಣನಿಗೂ ಜುಮ್ಮೆಂದಿತು, ಆದರೆ ಬೇರೆ ಕಾರಣಕ್ಕೆ. ನಾವು ಸತ್ತವರನ್ನು ಸುಡುವವರಲ್ಲ. ವಿಭೂತಿ ಹಚ್ಚಿ, ಕೂರಿಸಿ, ಮಣ್ಣು ಮಾಡುವವರು. ಹಿರಿಯರಾದರೆ ಮೇಲೊಂದು ಗದ್ದುಗೆ ಕಟ್ಟಿ ದೀಪ ಇಡುವವರು. ಹಾಗಾಗಿ ಅಣ್ಣನ ತರ್ಕ ನೀರು ಕುಡಿದಷ್ಟು ಸರಳ. ಸುಟ್ಟಿಲ್ಲ, ಅಂದರೆ ನಮ್ಮವರು. ಮೂಳೆಯ ಮೇಲೆ ತಲೆ ಇದೆ, ಅಂದರೆ ಕೂರಿಸಿದ್ದಾರೆ. ಕೆಂಪು ಮಣಿ ಕೊರಳಲ್ಲಿದ್ದ ಲಿಂಗ. ಅದಕ್ಕೆ ನಟ್ಟನಡುವೆ ತೂತಿದೆಯಲ್ಲ ಅಂದರೆ, "ಹಿಂದಕ ಹಾಂಗ ಮಾಡತಿದ್ರು" ಅಂದ. ಕಬ್ಬಿಣದ ಚೂರು ತ್ರಿಶೂಲ, ಮಣ್ಣಿನ ಕೊಳವೆ ಚಿಲುಮೆ. ಒಟ್ಟಿನಲ್ಲಿ ಒಬ್ಬ ಸಿದ್ಧ ಪುರುಷ, ಬಹುಶಃ ಗಾಂಜಾ ಸೇದುವವನು, ನಮ್ಮ ವಂಶದ ಮೂಲ ಪುರುಷ.

"ಖಬರ ಐತೇನು ನಿನಗ? ಈ ಹೊಲ ನಮ್ಮದು ಅನ್ನಾಕ ಇದಕ್ಕಿಂತ ಸಾಬೀತ್ ಇನ್ನೇನು ಬೇಕು?" ಎಂದು ನನ್ನನ್ನೇ ಕೇಳಿದ. ಹೊಲ ನಿನ್ನದಲ್ಲ ಎಂದು ಅಂದವರಾದರೂ ಯಾರು ಎಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಅಜ್ಜಿ ಎದ್ದು ಬಂದು, ಕುಣಿಯ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಕಿರಿದು ಮಾಡಿ ಒಳಗೆ ನೋಡಿದಳು.

"ಚಿಲುಮಿ ಅಲ್ರಿ ಗೌಡ್ರ, ಇದು ತಿದಿ ಮೂತಿ. ಗಾಳಿ ಒಳಗ ಹೋಗು ಕೊಳವಿ. ತುದಿ ನೋಡ್ರಿ, ಬೆಂಕಿಗೆ ಕರಗಿ ಗಾಜಿನಂಗ ಆಗೇತಿ. ಚಿಲುಮಿಯಾಗ ಅಷ್ಟು ಬೆಂಕಿ ಹಾಕಿದ್ರ ಸೇದಾವನ ಮೀಸಿ ಉಳೀತಿತ್ತೇನು?" ಎಂದಳು. ಪಕ್ಕದ ಮಣ್ಣಿನಿಂದ ಒಂದು ಕರೀ ಉಂಡೆ ಎತ್ತಿ ಕೈಯಲ್ಲಿ ತೂಗಿ ನೋಡಿ, "ಇದು ಕಿಟ್ಟ. ಕಬ್ಬಿಣ ಕರಗಿಸಿದಾಗ ಹೊರಗ ಬರೋ ಹೊಲಸು. ನಮ್ಮ ಕುಲುಮಿ ಹಿಂದಕ ಇಂಥವು ಬುಟ್ಟಿಗಟ್ಲೆ ಬಿದ್ದಾವು" ಎಂದಳು. ಆಮೇಲೆ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ, "ಇವರು ನಮ್ಮ ಪೈಕಿಯವರ ಇದ್ದಾಂಗ ಅದಾರವ್ವಾ" ಎಂದು ನಕ್ಕಳು.

"ಅಕಿಗೇನು ತಿಳೀತೈತಿ" ಅಂದ ಅಣ್ಣ. ಅರವತ್ತು ವರ್ಷ ತಿದಿ ಊದಿದವಳಿಗೆ ತಿದಿಯ ವಿಷಯದಲ್ಲಿ ಏನು ತಿಳಿಯುತ್ತದೆ, ಪಾಪ.

ಪುರಾತತ್ವ ಇಲಾಖೆಯ ಕಚೇರಿಗೆ ನಾನೇ ಸುದ್ದಿ ಮುಟ್ಟಿಸಿದೆ. ಅವರು ಬಂದು ನೋಡಿ, ಬರೆದುಕೊಂಡು, ಮುಟ್ಟಬೇಡಿ ಎಂದು ಹೇಳಿ ಹೋದರು. ಕೆಲವು ದಿನಕ್ಕೆ ಪರವಾನಗಿ ಹಿಡಿದುಕೊಂಡು ಒಬ್ಬ ಸಂಶೋಧಕಿ ಬಂದಳು. ನನ್ನ ಮಗಳ ವಯಸ್ಸಿನ ಹುಡುಗಿ, ತಲೆಗೆ ಬಟ್ಟೆ ಸುತ್ತಿಕೊಂಡು ಬಿಸಿಲಲ್ಲಿ ಮಂಡಿಯೂರಿ ಬಣ್ಣ ಬಳಿಯುವ ಬ್ರಷ್ಷಿನಿಂದ ಮಣ್ಣು ಗುಡಿಸುತ್ತಿದ್ದಳು. ಇದು ಎರಡೂವರೆ ಮೂರು ಸಾವಿರ ವರ್ಷದ ಹಿಂದಿನದಿರಬೇಕು ಎಂದಳು. ಬೇರೆ ಕಡೆ ಇಟ್ಟ ಹೆಣದ ಮೂಳೆಗಳನ್ನು ಆಮೇಲೆ ಆಯ್ದು ತಂದು ಇಲ್ಲಿ ಇಡುತ್ತಿದ್ದದ್ದೂ ಉಂಟಂತೆ. ಆದ್ದರಿಂದಲೇ ಹೀಗೆ ರಾಶಿಯಾಗಿದೆ, ಕೂತದ್ದಕ್ಕಲ್ಲ. ಮೂರನೇ ಮಧ್ಯಾಹ್ನ ಕುಲುಮೆಗೆ ಹೋಗಿ ಅಜ್ಜಿಯ ಮುಂದೆ ಪುಸ್ತಕ ಬಿಚ್ಚಿ ಕೂತಳು. ಅಜ್ಜಿ ಇದ್ದಿಲು ಹೇಗೆ ಹಾಕಬೇಕು, ಗಾಳಿ ಯಾವಾಗ ಬಿಡಬೇಕು, ಕಬ್ಬಿಣ ಯಾವ ಬಣ್ಣಕ್ಕೆ ಬಂದರೆ ಬಡಿಯಬೇಕು ಎಂದು ಹೇಳಿಕೊಟ್ಟಳು. ಕೊಳವೆ ತಿದಿಯದೇ ಎಂದು ಸಂಶೋಧಕಿಯೂ ಒಪ್ಪಿದಳು. ಅಣ್ಣ ಇಬ್ಬರನ್ನೂ ಕ್ಷಮಿಸಿದ, ಹೆಣ್ಮಕ್ಕಳು ಅಂತ.

ಆದರೆ ಸಂಶೋಧಕಿಯ ಒಂದು ಮಾತು ಅವನಿಗೆ ಬಹಳ ಹಿಡಿಸಿತು. ಮಗುವಾಗಿದ್ದಾಗ ಕುಡಿದ ನೀರು, ತಿಂದ ಕಾಳು, ಅದು ಬೆಳೆದ ನೆಲದ ಗುರುತು ಹಲ್ಲಿನ ಹೊರಪದರದಲ್ಲಿ ಉಳಿದುಬಿಡುತ್ತದೆ, ಆಮೇಲೆ ಎಲ್ಲಿಗೆ ಹೋದರೂ ಬದಲಾಗುವುದಿಲ್ಲ ಎಂದು ಅವಳು ಹೇಳಿದ್ದಳು. ಅಣ್ಣ ಎದ್ದು ನಿಂತುಬಿಟ್ಟ.

"ಹಾಂಗಾರ ಆ ಹಲ್ಲು ತಪಾಸಣಿ ಮಾಡಸ್ರಿ ಮೇಡಂ. ಇವ ಇದ ನೆಲದಾಂವ ಅಂತ ನನಗೊಂದು ಸರ್ಟಿಫಿಕೇಟ್ ಬೇಕು."

"ಏನು ಬರುತ್ತೋ ಅದನ್ನೇ ಬರೆದು ಕೊಡ್ತೀವಿ ಸರ್" ಎಂದಳು ಹುಡುಗಿ.

ಅಣ್ಣನಿಗೆ ನಾಡಕಚೇರಿಯಲ್ಲಿ ವಂಶವೃಕ್ಷ ಬರೆಸಿಕೊಂಡು ಬಂದ ಅಭ್ಯಾಸ. ಅಲ್ಲಿ ನಾವು ಹೇಳಿದ್ದನ್ನು ಬರೆಯುತ್ತಾರೆ. ಹಲ್ಲು ಹಾಗಲ್ಲ ಎಂದು ನಾನು ಹೇಳಲು ಹೋದೆ. ಅವನು ಅದನ್ನು ಕಿವಿಗೆ ಹಾಕಿಕೊಳ್ಳದೆ ಸಂಪರ್ಕಕ್ಕೆ ನನ್ನ ಫೋನ್ ನಂಬರನ್ನೇ ಕೊಟ್ಟ, ಮನೆಯಲ್ಲಿ ಓದಿದವಳು ನಾನಲ್ಲವೇ.

ಮೂಳೆ, ಮಡಕೆ, ಕೊಳವೆ, ಮಣಿ ಎಲ್ಲ ಹತ್ತಿ ಸುತ್ತಿಕೊಂಡು ಪೆಟ್ಟಿಗೆಗಳಲ್ಲಿ ಹೋದವು. ಉಳಿದ ಖಾಲಿ ಕಲ್ಲಿನ ಮೇಲೆ ಅಣ್ಣ ಚಪ್ಪಡಿ ಮುಚ್ಚಿಸಿ, ಸುಣ್ಣ ಬಳಿಸಿ, ಗದ್ದುಗೆ ಮಾಡಿದ. ವಿಭೂತಿ, ಬಿಲ್ವಪತ್ರೆ, ಸೋಮವಾರ ಕಾಯಿ, ಅಮಾವಾಸ್ಯೆಗೆ ದಾಸೋಹ. ಒಳಗೆ ಯಾರೂ ಇಲ್ಲದ ಗದ್ದುಗೆಗೆ ಊರವರು ಸಾಲುಗಟ್ಟಿ ಕೈ ಮುಗಿದರು. ಕಾಲುವೆ ನೀರು ಬಂದ ಕಲ್ಲುಮೂಲೆ ಭತ್ತಕ್ಕೆ ಹೋಗದೆ ಮೂಲ ಪುರುಷನಿಗೆ ಹೋಯಿತು. ಗದ್ದುಗೆಯ ನೆಲ ಉಳುವ ಹಾಗಿಲ್ಲವಲ್ಲ. ಹಾಗಾಗಿ ಕಮ್ಮಾರ ತಾತನ ಸಮಾಧಿಯೂ ಉಳಿಯಿತು, ನಾನು ಸಮಾಧಾನ ಪಟ್ಟೆ.

ನನ್ನ ಸಮಾಧಾನಕ್ಕೆ ಆಯುಷ್ಯ ಕಡಿಮೆ. "ಇನ್ನ ಮ್ಯಾಲೆ ಇಲ್ಲಿ ಯಾರನ್ನೂ ಇಡಾಂಗಿಲ್ಲ. ಇದು ಮೂಲ ಪುರುಷರ ಜಾಗಾ. ಆಮ್ಯಾಲೆ ಬಂದವರನ್ನ ಅವರ ಬಾಜೂಕ ಮಲಗಸಿದ್ರ ಮೈಲಿಗಿ" ಎಂದು ಅಣ್ಣ ಊರ ಮುಂದೆ ಸಾರಿದ. ಅಜ್ಜಿಯ ಸೀಟಿನ ಕಲ್ಲನ್ನು ಬದುವಿನ ಆಚೆ ಎಸೆಸಿದ. ಅಜ್ಜಿ ಅದನ್ನು ಉರುಳಿಸಿಕೊಂಡು ಬಂದು ಮತ್ತೆ ಅಲ್ಲೇ ಇಟ್ಟಳು. ಮತ್ತೆ ಎಸೆಸಿದ, ಮತ್ತೆ ಉರುಳಿಸಿದಳು. ಮೂರನೇ ಸಲ ನಾನೂ ಕೈ ಹಚ್ಚಿದೆ. ಎಂಬತ್ತು ದಾಟಿದ ಜೀವ, ಉಸಿರು ತಿದಿಯಂತೆ ಬುಸುಗುಡುತ್ತಿತ್ತು. "ನೀ ಬ್ಯಾಡ ಬಿಡವ್ವಾ, ನಿಮ್ಮಣ್ಣ ಬೈತಾನ" ಎಂದಳು. ನನಗೆ ಆ ಹೊತ್ತು ಅಣ್ಣನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ವರದಿ ಬರಲು ಒಂದು ವರ್ಷದ ಮೇಲಾಯಿತು. ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಾಗ ಹುಡುಗಿಯ ಫೋನು ಬಂತು. ಮೂಲ ಪುರುಷ ಹೆಂಗಸು. ನಡುವಯಸ್ಸಿನವಳು. ಬಲ ತೋಳಿನ ಮೂಳೆಯಲ್ಲಿ ಬಹಳ ವರ್ಷ ಒಂದೇ ಥರ ಜಗ್ಗಿ ದುಡಿದ ಗುರುತು ಇದ್ದಂತಿದೆ, ಆದರೆ ಮೂಳೆ ಸವೆದಿರುವುದರಿಂದ ಖಚಿತ ಹೇಳಲಾಗದು. ಹಲ್ಲು ಮಾತ್ರ ಖಚಿತ. ಅವಳು ಬಾಲ್ಯದಲ್ಲಿ ಉಂಡದ್ದು ಈ ನೆಲದ ಕಾಳಲ್ಲ, ಕುಡಿದದ್ದು ಈ ನೀರಲ್ಲ. ಬೇರೆ ಥರದ ಕಲ್ಲಿನ ಸೀಮೆಯಲ್ಲಿ ಬೆಳೆದು, ದೊಡ್ಡವಳಾದ ಮೇಲೆ ಇಲ್ಲಿಗೆ ಬಂದವಳು.

"ಮದುವೆಯಾಗಿ ಬಂದಿರಬಹುದು, ಕಬ್ಬಿಣದ ಕೆಲಸದವರ ಜೊತೆ ಬಂದಿರಬಹುದು. ನಿಮ್ಮ ಕಡೆ ಚಿನ್ನವೂ ಇತ್ತಲ್ಲ ಮೇಡಂ, ಲೋಹ ಸಿಗೋ ಕಡೆಗೆ ಜನ ಬರ್ತಾನೇ ಇದ್ರು. ಬರೀ ಅವಳೊಬ್ಬಳೇ ಅಲ್ಲ" ಎಂದಳು ಹುಡುಗಿ.

ನಾನು ಫೋನಿಟ್ಟು ಒಬ್ಬಳೇ ನಕ್ಕೆ. ಮೊದಲಿನಿಂದ ಇದ್ದವನು ಆಮೇಲೆ ಬಂದವಳಾಗಿದ್ದ. ಅಣ್ಣ ವರ್ಷವಿಡೀ ಕಾಯಿ ಒಡೆದು ಕೈ ಮುಗಿದದ್ದು ಯಾವುದೋ ಊರಿನ ಸೊಸೆಗೆ, ಬಹುಶಃ ತಿದಿ ಊದಿದವಳಿಗೆ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇದಕ್ಕೇ.

ಭಾನುವಾರ ಹೋಗಿ ಕಟ್ಟೆಯ ಮೇಲೆ ಅಣ್ಣನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಮೊದಲು ನಂಬಲಿಲ್ಲ. "ಹಲ್ಲು ಅದಲು ಬದಲಾಗಿರಬೇಕು" ಅಂದ. ಆಮೇಲೆ, "ಹಲ್ಲಿಗೇನು, ಏನರೆ ಹೇಳತಾವು" ಅಂದ. ಕೊನೆಗೆ ಹಿಂದಕ್ಕೆ ತಿರುಗಿ ನೋಡಿದ. ಗ್ರಾನೈಟಿನ ಮೇಲೆ ಮೂಲ ಪುರುಷರ ಗದ್ದುಗೆ ಎಂದು ಬಂಗಾರದ ಬಣ್ಣದ ಅಕ್ಷರದಲ್ಲಿ ಕೆತ್ತಿಸಿ ತಂದ ಫಲಕ ಅವನ ಹಿಂದೆ ಗೋಡೆಗೆ ಒರಗಿ ನಿಂತಿತ್ತು. ಬರುವ ಅಮಾವಾಸ್ಯೆಗೆ ಅದನ್ನು ನಿಲ್ಲಿಸುವುದಿತ್ತು, ಏಳು ಊರಿಗೆ ಹೇಳಿಕೆ ಹೋಗಿತ್ತು. ನಮ್ಮಣ್ಣನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ತಂಗಿ, ಇದು ಹೊರಗ ಬೀಳಬಾರದು. ಮರ್ಯಾದಿ ಹೋಗತೈತಿ. ಕ್ಯಾಂಪಿನವರು ನಗತಾರ."

"ನಾ ಯಾರಿಗೂ ಹೇಳಂಗಿಲ್ಲ. ಆದ್ರ ಅಜ್ಜಿನ ಅಕಿ ಗಂಡನ ಬಾಜೂಕ ಇಡಾಕ ಬಿಡಬೇಕು."

"ಗದ್ದಿಗಿ ಬಾಜೂಕ?"

"ಗದ್ದಿಗಿ ಒಳಗ ಇದ್ದಾಕಿ ಯಾರಂತ ಈಗಷ್ಟ ಹೇಳೇನಲ್ಲ."

ಅಡಕತ್ತರಿಗೆ ಸಿಕ್ಕ ಅಡಕೆ ಇನ್ನೇನು ಹೇಳೀತು. "ಆತು" ಅಂದ, ನೆಲ ನೋಡುತ್ತ.

ಮಕ್ಕಳಿಗೆ ಸತ್ಯವನ್ನು ಪರೀಕ್ಷಿಸಿ ನೋಡಿ, ಕಂಡದ್ದನ್ನು ಅಂಜದೆ ಹೇಳಿ ಎಂದು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿರುವವಳು ನಾನು. ಮೂರು ಸಾವಿರ ವರ್ಷ ಕಾದು ಕೂತಿದ್ದ ಒಂದು ಸತ್ಯವನ್ನು ಆರಡಿ ಮೂರಡಿ ಜಾಗಕ್ಕೆ ಮಾರಿ ಎದ್ದು ಬಂದೆ. ನಾಚಿಕೆಯಾಯಿತು. ಆದರೆ ಮತ್ತೆ ಅದೇ ಕಟ್ಟೆಯ ಮೇಲೆ ಕೂರಿಸಿದರೂ ಅದೇ ವ್ಯಾಪಾರ ಮಾಡುತ್ತೇನೆ. ಈಗ ಬರೆಯುತ್ತಿದ್ದೀಯಲ್ಲ, ಮಾತು ಮುರಿದಂತಾಗಲಿಲ್ಲವೇ ಎಂದು ಕೇಳಿದರೆ, ನಮ್ಮಣ್ಣ ಪಹಣಿ ಬಿಟ್ಟು ಬೇರೇನೂ ಓದಿದವನಲ್ಲ.

ಅಲ್ಲಿಂದ ನೇರ ಕುಲುಮೆಗೆ ಹೋದೆ. ಅಜ್ಜಿಗೆ ಹೇಳದೆ ಇರಲಾಗಲಿಲ್ಲ, ಅವಳು ಯಾರಿಗೂ ಹೇಳುವವಳಲ್ಲ. ಕೇಳಿ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನಾ ಅವತ್ತ ಹೇಳಿದ್ದೆನಲ್ಲ" ಅಂದಳು. ಕುಲುಮೆಯ ಇದ್ದಿಲು ಕೆದಕುತ್ತ, "ಪಾಪ, ಯಾ ಊರಿಂದ ಬಂದಿದ್ದಳೋ. ಅಕಿಗೂ ತವರು ಮನಿ ನೆನಪ ಆಗತಿತ್ತೋ ಏನೋ" ಅಂದಳು. ಆಮೇಲೆ ಬಾಯಿ ತೆರೆದು, ಬೆರಳಿನಿಂದ ತನ್ನ ಒಂದೇ ಹಲ್ಲನ್ನು ಅಲ್ಲಾಡಿಸಿ ತೋರಿಸಿದಳು. "ನಾ ಮುದಗಲ್ ಸೀಮಿಯಾಕಿ ಅಂತ ಹೇಳಾಕ ಇದೊಂದು ಸಾಕಾಗತೈತೇನವ್ವಾ? ಇಲ್ಲಂದ್ರ ಇದನ್ನ ಬೀಳದಂಗ ಕಾಯಕೊಂಡು ಹೋಗತೀನಿ." ನಾನು ಸಾಕು ಎಂದೆ. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಇಕ್ಕಳ ಒಂದನ್ನು ಜೊತೆಗೆ ಇಡಲು ಮಗನಿಗೆ ಹೇಳಿದ್ದೇನೆ ಎಂದೂ ತಿಳಿಸಿದಳು, "ಅಕಿ ತಿದಿ ಮೂತಿ ಒಯ್ದಾಳಲ್ಲ, ನಾ ಬರಿಗೈಲೆ ಹೋಗಲೇನು?"

ಮಳೆಗಾಲ ಹಿಡಿಯುವ ಮೊದಲೇ ಒಂದು ಬೆಳಿಗ್ಗೆ ಅಜ್ಜಿ ಹೋದಳು. ಕುಲುಮೆಯ ಕಟ್ಟೆಗೆ ಒರಗಿ ಕೂತಲ್ಲೇ ಹೋಗಿದ್ದಳು. ನಾನು ರಜೆ ಹಾಕಿ ಮಧ್ಯಾಹ್ನ ಮಣ್ಣು ಮಾಡುವ ಹೊತ್ತಿಗೆ ಹೋಗಿ ಮುಟ್ಟಿದೆ. ಅಣ್ಣ ಮಾತು ಉಳಿಸಿಕೊಂಡಿದ್ದ. ಕುಣಿ ತೆಗೆಸಿದ್ದ, ಅಜ್ಜಿ ಇಟ್ಟ ಕಲ್ಲನ್ನು ತಾನೇ ಎತ್ತಿ ತಲೆಯ ಕಡೆ ಇಟ್ಟಿದ್ದ. ಊರವರು ಕೇಳಿದಾಗ, ಮೂಲ ಪುರುಷರೇ ಕನಸಿನಲ್ಲಿ ಬಂದು ಮುದುಕಿಯನ್ನು ಸೇವೆಗೆ ಕಳಿಸು ಎಂದರು ಎಂದು ಹೇಳಿದನಂತೆ. ಸುಳ್ಳು ಹೇಳುವುದರಲ್ಲಿ ನಮ್ಮ ಮನೆತನಕ್ಕೆ ನಿಜವಾಗಿಯೂ ಮೂಲ ಪುರುಷ ಬೇಕಾಗಿಲ್ಲ.

ಮಗ ಸಿಂಧನೂರಿನಿಂದ ಬಂದಿದ್ದ. ಅವ್ವನ ಬಲಗೈಯ ಹತ್ತಿರ ಹಳೇ ಇಕ್ಕಳ ಇಟ್ಟ. ಅಣ್ಣ ಅದನ್ನು ನೋಡಿದ. ಗದ್ದುಗೆಯ ಕಡೆ ನೋಡಿದ, ಮತ್ತೆ ಕುಣಿಯ ಕಡೆ ನೋಡಿದ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಮೂರು ಹಿಡಿ ಮಣ್ಣು ಹಾಕಿ ನನ್ನ ಪಕ್ಕಕ್ಕೆ ಬಂದು ನಿಂತ.

"ಮುಂದ ಯಾವಾಗರೆ ಯಾರರೆ ಇದನ್ನ ತಗದು ನೋಡಿದ್ರ, ಇಕಿನೂ ಮೂಲ ಪುರುಷ ಅಂತಾರೇನೋ" ಎಂದ ಮೆಲ್ಲಗೆ. ಅವನು ತನ್ನನ್ನೇ ಗೇಲಿ ಮಾಡಿಕೊಂಡದ್ದನ್ನು ನಾನು ಮೊದಲ ಸಲ ಕೇಳಿದ್ದು.

"ಅಂದ್ರ ತಪ್ಪೇನು ಅಣ್ಣಾ" ಎಂದೆ. ಅವನ ಮೇಲೆ ಪ್ರೀತಿಯೂ ಉಕ್ಕಿತು. ಗುಂಡುಗಲ್ಲಿನ ಮೇಲೆ ಶೇಂಗಾ ಸುಲಿದು ಮೊದಲ ಕಾಳು ನನಗೇ ಕೊಡುತ್ತಿದ್ದವನು. ಅದೇ ಸಲುಗೆಯಲ್ಲಿ, "ನನ್ನನ್ನೂ ಇಲ್ಲೇ ಇಡೋ, ಈ ಕಲ್ಲಿನ ಹತ್ರ" ಎಂದೆ.

ಅಣ್ಣ ಬೆಚ್ಚಿಬಿದ್ದ. "ಹುಚ್ಚಿ ಅದೀಯೇನು? ಕೊಟ್ಟ ಹೆಣ್ಣು ನೀ. ನಿನ್ನ ಜಾಗಾ ಲಿಂಗಸುಗೂರಾಗ" ಎಂದ. ಅದರಲ್ಲಿ ಕೆಡುಕಿರಲಿಲ್ಲ, ಗೊತ್ತಿರುವುದನ್ನು ಹೇಳಿದ ಅಷ್ಟೇ.

ನಾನು ಬಾಯಿ ಮುಚ್ಚಿಕೊಂಡು ನಾಲಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಒಂದೂ ಬಿದ್ದಿಲ್ಲ. ಎಲ್ಲವೂ ಈ ಹೊಲದವೇ.